ರಾತ್ರಿ ಎರಡು ಗಂಟೆಗೆ ಯಾರನ್ನು ಕರೆಯಲಿ?

ಪ್ರಶ್ನೆ: ನನಗೆ 64, ಹೆಂಡತಿಗೆ 61. ಮೂಲತಃ ಹಾಸನದ ಕಡೆಯವರು. ನ್ಯೂಜೆರ್ಸಿಗೆ ಬಂದು 31 ವರ್ಷವಾಯಿತು. ಇಬ್ಬರೂ ಅಮೆರಿಕದ ಪೌರರು, ಭಾರತದಲ್ಲಿ ವೀಸಾ ಇಲ್ಲದೆ ನೆಲೆಸಲು ಬಿಡುವ ಒಸಿಐ ಕಾರ್ಡ್ ಇದೆ. ಮುಂದಿನ ವರ್ಷ ನಿವೃತ್ತನಾಗುತ್ತೇನೆ. ನಿವೃತ್ತಿಗೆಂದು ಉಳಿಸಿದ 401ಕೆ ಖಾತೆಯಲ್ಲಿ 4.8 ಲಕ್ಷ ಡಾಲರ್ ಇದೆ, ಮನೆ ಸಾಲ ತೀರಿದೆ. 67ಕ್ಕೆ ಸರ್ಕಾರಿ ಪಿಂಚಣಿಯಾದ ಸೋಷಿಯಲ್ ಸೆಕ್ಯುರಿಟಿ ತೆಗೆದುಕೊಂಡರೆ ನನಗೆ ತಿಂಗಳಿಗೆ 2,300, ಅವಳಿಗೆ 1,300 ಡಾಲರ್ ಬರುತ್ತದೆ. ಇಷ್ಟರಲ್ಲಿ ಇಲ್ಲಿ ಬದುಕುವುದು ಕಷ್ಟ. ಹಳೆಯ ಸಹೋದ್ಯೋಗಿಯೊಬ್ಬರು ಮೆಕ್ಸಿಕೊದ ಮೆರಿಡಾದಲ್ಲಿ ನೆಲೆಸಿದ್ದಾರೆ, ನಮ್ಮನ್ನೂ ಕರೆಯುತ್ತಿದ್ದಾರೆ. ಪೋರ್ಚುಗಲ್ ಮತ್ತು ಮಲೇಷ್ಯಾದ ಪೆನಾಂಗ್ ಬಗ್ಗೆಯೂ ಓದುತ್ತಿದ್ದೇನೆ. ಹೆಂಡತಿಗೆ ಮೈಸೂರಿನ ಮೇಲೆ ಮನಸ್ಸು, ಅವಳ ತಂಗಿ ಅಲ್ಲಿದ್ದಾಳೆ. ಮಗಳು ಹ್ಯೂಸ್ಟನ್‌ನಲ್ಲಿ. 2019ರಲ್ಲಿ ನನಗೆ ಸ್ಟೆಂಟ್ ಹಾಕಿದ್ದಾರೆ, ಅವಳಿಗೆ ಸಕ್ಕರೆ ಕಾಯಿಲೆ. ಸುರಕ್ಷಿತವೂ ಆಗಿ, ನಮ್ಮ ಕೈಗೂ ಎಟಕುವ ದೇಶ ಯಾವುದು? ನಾನು ಅಂಕಿಅಂಶ ತೋರಿಸಿದಾಗಲೆಲ್ಲ ಅವಳು ಒಂದೇ ಮಾತು ಕೇಳುತ್ತಾಳೆ: "ರಾತ್ರಿ ಎರಡು ಗಂಟೆಗೆ ನಿಮಗೆ ಎದೆನೋವು ಬಂದರೆ ನಾನು ಯಾರನ್ನು, ಯಾವ ಭಾಷೆಯಲ್ಲಿ ಕರೆಯಲಿ?"

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ. ನೀವು ಕಳಿಸಿದ ದೇಶಗಳ ಪಟ್ಟಿ, ಬಾಡಿಗೆ, ಅಪರಾಧದ ಅಂಕಿ ಎಲ್ಲಕ್ಕಿಂತ ಆ ಮಾತು ವಿಷಯದ ಬುಡಕ್ಕೆ ಹೋಗಿದೆ. ಅದರ ಹಿಂದೆ ಅವರು ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆಯೂ ಇದೆ. ನೀವು ಹೋದ ಮೇಲೆ ಆ ಊರಿನಲ್ಲಿ ಅವರೊಬ್ಬರೇ ಹೇಗೆ ಇರಬೇಕು? ಅವರು ನಿಮಗಿಂತ ಮೂರು ವರ್ಷ ಚಿಕ್ಕವರು, ಹೃದಯದ ತೊಂದರೆ ಇರುವುದು ನಿಮಗೆ. ಹೀಗೆ ಬರೆಯುವುದು ನನಗೂ ಸುಲಭವಲ್ಲ. ಆದರೆ ಊರು ಆರಿಸುವಾಗ ಇಬ್ಬರೂ ಗಟ್ಟಿಯಾಗಿರುವ ಐದು ವರ್ಷಗಳನ್ನಷ್ಟೇ ಲೆಕ್ಕಕ್ಕೆ ಹಿಡಿದು, ಒಬ್ಬರೇ ಉಳಿಯುವ ಹತ್ತು ವರ್ಷಗಳನ್ನು ಮರೆತವರು ಪಡುವ ಪಾಡನ್ನು ಕಂಡಿದ್ದೇನೆ.

ಪೋರ್ಚುಗಲ್‌ನ ದಕ್ಷಿಣ ಕರಾವಳಿಯಲ್ಲಿ ನೆಲೆಸಿದ್ದ ಒಬ್ಬ ತಾಯಿ ಗಂಡ ತೀರಿಕೊಂಡ ಮೇಲೆ ನನ್ನನ್ನು ಸಂಪರ್ಕಿಸಿದ್ದರು. ಊರು ಶಾಂತ, ನೆರೆಹೊರೆ ಒಳ್ಳೆಯದು, ಬಾಗಿಲು ತೆರೆದಿಟ್ಟು ಮಲಗಿದರೂ ಭಯವಿಲ್ಲ ಎನ್ನುತ್ತಿದ್ದರು. ಆದರೆ ವಾಸದ ಪರವಾನಗಿ ಗಂಡನ ಪಿಂಚಣಿಯ ಆಧಾರದ ಮೇಲೆ ಸಿಕ್ಕಿದ್ದು. ಗಂಡನೊಬ್ಬರ ಹೆಸರಿನಲ್ಲಿದ್ದ ಬ್ಯಾಂಕ್ ಖಾತೆ ಅವರ ಕೈಗೆ ಸಿಗಲು ತಿಂಗಳುಗಳು ಹಿಡಿದವು. ಪೋರ್ಚುಗೀಸ್ ಕಲಿತಿದ್ದವರೂ ಗಂಡನೇ. ಅಂಥ ನಿರ್ಭಯದ ಊರಿನಲ್ಲಿ ಅವರು ದಿನವಿಡೀ ಕಾಗದಪತ್ರ ಹಿಡಿದು ಅಳುತ್ತಾ ಕೂತಿದ್ದರು. ಅಂದಿನಿಂದ ಯಾರೇ ದೇಶದ ಹೆಸರು ಹೇಳಿದರೂ ಇಬ್ಬರಲ್ಲಿ ಮೊದಲು ಯಾರ ಹೆಸರಿನಲ್ಲಿ ಏನಿದೆ ಎಂದು ಕೇಳುತ್ತೇನೆ.

ಮೊದಲು ಅಪರಾಧದ ಅಂಕಿಗಳು. ಅವುಗಳಿಂದ ಎಷ್ಟು ತಿಳಿಯುತ್ತದೆ, ಎಷ್ಟು ತಿಳಿಯುವುದಿಲ್ಲ ಎಂಬುದು ನಿಮಗೆ ಗೊತ್ತಿರಬೇಕು. ಈಕ್ವೆಡಾರ್ ನೋಡಿ. 2000ದಿಂದ ಅಲ್ಲಿ ಚಲಾವಣೆಯಲ್ಲಿರುವುದು ಅಮೆರಿಕದ ಡಾಲರೇ. ತಂಪು ಹವೆ, ಅಗ್ಗದ ಬದುಕು. ಕ್ವೆಂಕಾ ಎಂಬ ಊರಿಗೆ ಅಮೆರಿಕದ ನಿವೃತ್ತರು ಸಾಲುಗಟ್ಟಿ ಹೋದರು. 2018ರಲ್ಲಿ ಆ ದೇಶದಲ್ಲಿ ಲಕ್ಷ ಜನರಿಗೆ ಸುಮಾರು ಆರು ಕೊಲೆಗಳಾಗುತ್ತಿದ್ದವು. 2023ರ ಹೊತ್ತಿಗೆ ಅದು 40 ದಾಟಿತು. ಆ ವರ್ಷದ ಆಗಸ್ಟಿನಲ್ಲಿ ಅಧ್ಯಕ್ಷೀಯ ಅಭ್ಯರ್ಥಿ ಫರ್ನಾಂಡೊ ವಿಯಾವಿಸೆನ್ಸಿಯೊ ಅವರನ್ನೇ ಗುಂಡಿಕ್ಕಿ ಕೊಂದರು. 2024ರ ಜನವರಿಯಲ್ಲಿ ಸರ್ಕಾರ ದೇಶದೊಳಗೆ ಸಶಸ್ತ್ರ ಸಂಘರ್ಷ ನಡೆಯುತ್ತಿದೆ ಎಂದು ಘೋಷಿಸಿತು. ಕರಾವಳಿಯ ಗ್ವಯಾಕಿಲ್‌ಗೆ ಹೋಲಿಸಿದರೆ ಕ್ವೆಂಕಾ ಶಾಂತವಾಗಿಯೇ ಉಳಿಯಿತು, ನಿಜ. ಆದರೆ 2018ರ ಅಂಕಿ ನೋಡಿ ಉಳಿತಾಯವನ್ನೆಲ್ಲ ಸುರಿದು ಅಲ್ಲಿ ಮನೆ ಕೊಂಡವರಿಗೆ ಅದನ್ನು ಮಾರಿ ಹೊರಡುವುದು ಸುಲಭವಲ್ಲ. ಹಾಗಾಗಿ ಒಂದು ಊರು ಇಂದು ಎಷ್ಟು ಸುರಕ್ಷಿತ ಎಂಬುದರ ಜೊತೆಗೆ, ಕೆಟ್ಟರೆ ಅಲ್ಲಿಂದ ಎದ್ದು ಬರಲು ನಿಮಗೆ ಎಷ್ಟು ಖರ್ಚಾಗುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಬಾಡಿಗೆ ಮನೆಯಲ್ಲಿದ್ದವರಿಗೆ ಆ ಖರ್ಚು ಎರಡು ತಿಂಗಳ ಬಾಡಿಗೆ, ಎರಡು ವಿಮಾನ ಟಿಕೆಟ್.

ಮೆರಿಡಾ ವಿಷಯದಲ್ಲಿ ನಿಮ್ಮ ಸಹೋದ್ಯೋಗಿ ಸುಳ್ಳು ಹೇಳುತ್ತಿಲ್ಲ. ಮೆಕ್ಸಿಕೊ ಎಂದರೆ ಒಂದೇ ಮುದ್ದೆಯಲ್ಲ. ಮಣಿಪುರದ ಸುದ್ದಿ ಓದಿ ಮಂಗಳೂರಿಗೆ ಬರಲು ಹೆದರಿದರೆ ಹೇಗೋ ಇದೂ ಹಾಗೆಯೇ. ಅಮೆರಿಕದ ವಿದೇಶಾಂಗ ಇಲಾಖೆ ಮೆಕ್ಸಿಕೊಗೆ ರಾಜ್ಯವಾರು ಎಚ್ಚರಿಕೆ ಕೊಡುತ್ತದೆ. ಸಿನಲೋವಾ, ತಮೌಲಿಪಾಸ್ ಮೊದಲಾದವು ಹೋಗಲೇಬೇಡಿ ಎನ್ನುವ ನಾಲ್ಕನೇ ಹಂತದಲ್ಲಿವೆ. ಮೆರಿಡಾ ಇರುವ ಯುಕಟಾನ್ ರಾಜ್ಯ ವರ್ಷಗಳಿಂದ ಸಾಮಾನ್ಯ ಎಚ್ಚರ ಸಾಕು ಎನ್ನುವ ಒಂದನೇ ಹಂತದಲ್ಲಿದೆ. ಮೆರಿಡಾದಲ್ಲಿ ಒಳ್ಳೆಯ ಖಾಸಗಿ ಆಸ್ಪತ್ರೆಗಳಿವೆ. ಹ್ಯೂಸ್ಟನ್‌ನಿಂದ ವಿಮಾನದಲ್ಲಿ ಎರಡು ಗಂಟೆಯ ದಾರಿ. ಬೆಳಿಗ್ಗೆ ಫೋನ್ ಮಾಡಿದರೆ ಸಂಜೆಗೆ ಮಗಳು ಎದುರಿಗೆ ನಿಂತಿರುತ್ತಾಳೆ. ಮೈಸೂರಿಗೆ ಈ ಅನುಕೂಲವಿಲ್ಲ. ಹ್ಯೂಸ್ಟನ್‌ನಿಂದ ಹೊರಟವಳು ಮೈಸೂರಿನ ಮನೆ ಮುಟ್ಟುವುದಕ್ಕೆ ಒಂದೂವರೆ ದಿನ ಹಿಡಿಯುತ್ತದೆ. ಇದನ್ನು ನಿಮ್ಮ ಮನೆಯವರೂ ತೂಕಕ್ಕೆ ಹಾಕಬೇಕು.

ಆದರೆ ಅಗ್ಗ ಎನ್ನುವ ಮಾತು ಅಲ್ಲಿ ಅಲುಗಾಡುತ್ತದೆ. ನಿಮ್ಮ ಸಹೋದ್ಯೋಗಿ ಲೆಕ್ಕ ಹಾಕುವಾಗ ಡಾಲರಿಗೆ 20 ಪೆಸೊ ಇದ್ದಿರಬಹುದು. 2023ರ ನಡುವಿನಲ್ಲಿ ಅದು 17ಕ್ಕೆ ಇಳಿದಿತ್ತು. ತಿಂಗಳಿಗೆ 3,000 ಡಾಲರ್ ಬದಲಾಯಿಸುವವರ ಕೈಗೆ 60,000 ಪೆಸೊ ಬದಲು 51,000 ಬಂತು. ಬಾಡಿಗೆ, ತರಕಾರಿ, ಔಷಧಿ ಯಾವುದೂ ಏರದೆ ಡಾಲರ್ ಲೆಕ್ಕದಲ್ಲಿ ಬದುಕು ಸುಮಾರು ಶೇ 18ರಷ್ಟು ದುಬಾರಿಯಾಯಿತು. ಆಮೇಲೆ ಪೆಸೊ ಮತ್ತೆ ಇಳಿಯಿತು, ಮತ್ತೆ ಏರಿತು. ಪಿಂಚಣಿಯಲ್ಲಿ ಬದುಕುವವರು ಈ ಉಯ್ಯಾಲೆಯಲ್ಲಿ ಕೂರಲು ಕೈಯಲ್ಲಿ ಒಂದು ವರ್ಷದ ಖರ್ಚಾದರೂ ಪ್ರತ್ಯೇಕವಾಗಿ ಇಟ್ಟುಕೊಂಡಿರಬೇಕು. ಇನ್ನು ಅಲ್ಲಿನ ಸರ್ಕಾರಿ ವಿಮೆ ಐಎಮ್‌ಎಸ್‌ಎಸ್‌ಗೆ ಸ್ವಯಂ ಸೇರಬಹುದು, ಆದರೆ ಮೊದಲೇ ಇರುವ ಹಲವು ಕಾಯಿಲೆಗಳನ್ನು ಅದು ಹೊರಗಿಡುತ್ತದೆ. ಸ್ಟೆಂಟ್, ಸಕ್ಕರೆ ಕಾಯಿಲೆ ಇರುವ ನೀವಿಬ್ಬರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲಿದೆ, ಎಸಿಗೆ ಬರುವ ವಿದ್ಯುತ್ ಬಿಲ್ ಬಗ್ಗೆ ಸಹೋದ್ಯೋಗಿಯನ್ನೇ ಕೇಳಿ.

ಪೋರ್ಚುಗಲ್, ಪೆನಾಂಗ್ ಎರಡನ್ನೂ ಬೇಗ ಮುಗಿಸುತ್ತೇನೆ, ಏಕೆಂದರೆ ನಿಮ್ಮ ಹಣದ ಅಳತೆಗೆ ಅವು ಒಗ್ಗುವುದಿಲ್ಲ. ಪೆನಾಂಗ್ ನನಗೆ ಬಹಳ ಇಷ್ಟದ ಊರು. ತಮಿಳು ಮಾತನಾಡುವ ಜನ, ಇಡ್ಲಿ ದೋಸೆ, ದೂರದೂರದಿಂದ ಜನ ಚಿಕಿತ್ಸೆಗೆ ಬರುವ ಆಸ್ಪತ್ರೆಗಳು. ಆದರೆ 2024ರಲ್ಲಿ ಮಲೇಷ್ಯಾ ತನ್ನ ದೀರ್ಘವಾಸದ ಯೋಜನೆಯನ್ನು ಬದಲಿಸಿದೆ. ಸಿಲ್ವರ್ ದರ್ಜೆಗೇ ಒಂದೂವರೆ ಲಕ್ಷ ಡಾಲರ್ ಠೇವಣಿ ಇಡಬೇಕು, ಅದರ ಮೇಲೆ ಕನಿಷ್ಠ ಆರು ಲಕ್ಷ ರಿಂಗಿಟ್‌ನ ಮನೆ ಕೊಳ್ಳಬೇಕು. ನಿಮ್ಮ 4.8 ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿ ಕಟ್ಟಿಹಾಕಿದಂತಾಗುತ್ತದೆ. ಬೇಡ.

ಪೋರ್ಚುಗಲ್ ಜಾಗತಿಕ ಶಾಂತಿ ಸೂಚ್ಯಂಕದಲ್ಲಿ ಮೊದಲ ಹತ್ತರೊಳಗೆ ಬರುವ ದೇಶ, ಅದರಲ್ಲಿ ಅನುಮಾನವಿಲ್ಲ. ಆದರೆ ಹೊರಗಿನವರಿಗೆ ಕೊಡುತ್ತಿದ್ದ ಹಳೆಯ ತೆರಿಗೆ ರಿಯಾಯಿತಿಯನ್ನು 2024ರಿಂದ ಹೊಸಬರಿಗೆ ಮುಚ್ಚಿದ್ದಾರೆ. ವಲಸೆ ಇಲಾಖೆಯಲ್ಲಿ ನಾಲ್ಕು ಲಕ್ಷದಷ್ಟು ಕಡತಗಳು ಬಾಕಿ ಬಿದ್ದು ಜನ ಪರದಾಡಿದರು. ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ 15 ಲಕ್ಷಕ್ಕೂ ಹೆಚ್ಚು ಜನರಿಗೆ ಕುಟುಂಬ ವೈದ್ಯರೇ ಇಲ್ಲ. ಇನ್ನೊಂದು ವಿಷಯವಿದೆ, ಇದನ್ನು ಯಾವ ಸೂಚ್ಯಂಕವೂ ಅಳೆಯುವುದಿಲ್ಲ. ಲಿಸ್ಬನ್‌ನ ಕಾಲುದಾರಿಗಳಿಗೆ ಸಣ್ಣ ಬಿಳಿ ಕಲ್ಲು ಹಾಸಿದ್ದಾರೆ. ನೋಡಲು ಚೆಂದ, ಮಳೆ ಬಿದ್ದರೆ ಎಣ್ಣೆ ಸವರಿದಂತೆ ಜಾರುತ್ತದೆ. ಹಳೆಯ ಕಟ್ಟಡಗಳ ಮೂರನೇ ಮಹಡಿಗೆ ಲಿಫ್ಟ್ ಇರುವುದಿಲ್ಲ. ಅಮೆರಿಕದಲ್ಲಿಯೇ 65 ದಾಟಿದ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಪ್ರತಿ ವರ್ಷ ಎಲ್ಲಾದರೂ ಬೀಳುತ್ತಾರೆ. ನಮ್ಮ ವಯಸ್ಸಿನವರಿಗೆ ಜೇಬುಗಳ್ಳನಿಗಿಂತ ಒದ್ದೆ ಕಲ್ಲು ಹೆಚ್ಚು ಅಪಾಯಕಾರಿ. ಊರು ನೋಡಲು ಹೋದಾಗ ತಲೆ ಎತ್ತಿ ಕಟ್ಟಡ ನೋಡುವ ಮೊದಲು ತಲೆ ತಗ್ಗಿಸಿ ನೆಲ ನೋಡಿ.

ಈಗ ಹಣದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ನಿಮ್ಮ ಮನೆಯವರ ಮುಂದಿನ ಭದ್ರತೆ ಬಹುಪಾಲು ಇಲ್ಲಿ ತೀರ್ಮಾನವಾಗುತ್ತದೆ.

ಇಬ್ಬರೂ ಇರುವಾಗ ಎರಡು ಸೋಷಿಯಲ್ ಸೆಕ್ಯುರಿಟಿ ಬರುತ್ತದೆ. ಒಬ್ಬರು ಹೋದರೆ ಒಂದು ನಿಲ್ಲುತ್ತದೆ, ಉಳಿದವರಿಗೆ ಎರಡರಲ್ಲಿ ದೊಡ್ಡದು ಮುಂದುವರಿಯುತ್ತದೆ. ಬಾಡಿಗೆ ಅರ್ಧವಾಗುವುದಿಲ್ಲ, ಕೆಲಸದವರ ಸಂಬಳ ಅರ್ಧವಾಗುವುದಿಲ್ಲ. ನಿಮ್ಮಿಬ್ಬರಲ್ಲಿ ದೊಡ್ಡದು ನಿಮ್ಮದು. ನೀವು ನಿವೃತ್ತಿಯಾದ ಕೂಡಲೇ, 65ಕ್ಕೆ ಅದನ್ನು ತೆಗೆದುಕೊಂಡರೆ 2,300 ಇದ್ದದ್ದು ಸುಮಾರು 1,993ಕ್ಕೆ ಇಳಿಯುತ್ತದೆ. 70ರವರೆಗೆ ಕಾದರೆ 67ರ ನಂತರದ ಪ್ರತಿ ವರ್ಷಕ್ಕೆ ಶೇ 8ರಂತೆ ಏರಿ 2,852 ಆಗುತ್ತದೆ. ಇದರ ಮೇಲೆ ಪ್ರತಿ ವರ್ಷದ ಬೆಲೆಯೇರಿಕೆಯ ಹೊಂದಾಣಿಕೆ ಬೇರೆ. ನೀವು ಹೋದ ಮೇಲೆ ಅವರಿಗೆ ಮುಂದುವರಿಯುವುದು ಈ ಮೊತ್ತವೇ. ಅಂದರೆ ನೀವು 65ಕ್ಕೆ ಅರ್ಜಿ ಹಾಕುವುದಕ್ಕೂ 70ಕ್ಕೆ ಹಾಕುವುದಕ್ಕೂ ಅವರ ಬದುಕಿನ ಕೊನೆಯವರೆಗೆ ತಿಂಗಳಿಗೆ ಸುಮಾರು 860 ಡಾಲರ್ ವ್ಯತ್ಯಾಸ. ಅವರ 1,300 ಹೇಗೂ ಒಂದು ದಿನ ನಿಂತುಹೋಗುವ ಸಾಧ್ಯತೆಯೇ ಹೆಚ್ಚು, ಆದ್ದರಿಂದ ಅದನ್ನು ಅವರು 62ಕ್ಕೇ ತೆಗೆದುಕೊಳ್ಳಲಿ, 910 ಬರುತ್ತದೆ. ಹಾಗೆ ಬೇಗ ತೆಗೆದುಕೊಂಡರೂ ಮುಂದೆ ನಿಮ್ಮ ಮೊತ್ತ ಅವರಿಗೆ ಬರುವಾಗ ಅದಕ್ಕೆ ಕತ್ತರಿ ಬೀಳುವುದಿಲ್ಲ. ಅದನ್ನು ತಮ್ಮ 67 ತುಂಬುವ ಮೊದಲೇ ಪಡೆಯಬೇಕಾಗಿ ಬಂದರೆ ಮಾತ್ರ ಕಡಿಮೆಯಾಗುತ್ತದೆ.

ಹಾಗಾದರೆ 65ರಿಂದ 70ರವರೆಗಿನ ಐದು ವರ್ಷ ಏನು ತಿನ್ನುವುದು? ಅಗ್ಗದ ಊರಿನ ನಿಜವಾದ ಉಪಯೋಗ ಇಲ್ಲಿದೆ. ನ್ಯೂಜೆರ್ಸಿಯಲ್ಲಿ ಸರಾಸರಿ ಆಸ್ತಿ ತೆರಿಗೆಯೇ ವರ್ಷಕ್ಕೆ 10,000 ಡಾಲರ್ ದಾಟಿದೆ. ಅಲ್ಲಿ ಕೂತು ಐದು ವರ್ಷ ಕಾಯಲು ಹೋದರೆ 401ಕೆ ಕರಗಿಹೋಗುತ್ತದೆ. ಮೈಸೂರಿನಲ್ಲಿ ಲಿಫ್ಟ್ ಇರುವ ಎರಡು ಬೆಡ್‌ರೂಮ್ ಬಾಡಿಗೆ ಮನೆ, ಅಡುಗೆಯವರು, ಬೇಕಾದಾಗ ಚಾಲಕ, ವಿಮೆಯ ಕಂತು, ಔಷಧಿ ಎಲ್ಲ ಸೇರಿಸಿ ತಿಂಗಳಿಗೆ ಒಂದೂಕಾಲು ಲಕ್ಷ ರೂಪಾಯಿ ಎಂದು ನನ್ನ ಅಂದಾಜು. ವರ್ಷಕ್ಕೊಮ್ಮೆ ಇಬ್ಬರೂ ಹ್ಯೂಸ್ಟನ್‌ಗೆ ಹೋಗಿಬರುವುದು, ಅಮೆರಿಕದ ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನ ಕಂತು ಎಲ್ಲ ಕೂಡಿಸಿದರೂ 2,000 ಡಾಲರ್ ಸುತ್ತಮುತ್ತ. ಅದರಲ್ಲಿ 910 ಅವರ ಪಿಂಚಣಿಯಿಂದ ಬಂತು. ಉಳಿದದ್ದನ್ನು 401ಕೆಯಿಂದ ತೆಗೆದರೆ ಐದು ವರ್ಷಕ್ಕೆ ಸುಮಾರು 70,000 ಡಾಲರ್, ತೆರಿಗೆ ಬೇರೆ. ಈ 70,000 ಕೊಟ್ಟು ನೀವು ಕೊಳ್ಳುತ್ತಿರುವುದು ನಿಮ್ಮ ಮನೆಯವರಿಗೆ ಆಜೀವ ಬರುವ ದೊಡ್ಡ ಪಿಂಚಣಿಯನ್ನು. ಇಷ್ಟು ಅಗ್ಗದ ಭದ್ರತೆ ಬೇರೆ ಯಾವ ವಿಮಾ ಕಂಪನಿಯಲ್ಲೂ ಸಿಗುವುದಿಲ್ಲ.

ಇನ್ನೊಂದು ಮಾತು ಇದಕ್ಕೇ ಹೊಂದಿಕೊಂಡಿದೆ. ಪೋರ್ಚುಗಲ್‌ನ ಡಿ7 ವೀಸಾ ತಿಂಗಳ ಆದಾಯದ ಮೇಲೆ ನಿಂತಿದೆ. 2026ಕ್ಕೆ ಅರ್ಜಿದಾರರಿಗೆ 920 ಯೂರೊ, ಸಂಗಾತಿಗೆ ಅದರ ಅರ್ಧ. ನೀವು ಪಿಂಚಣಿಯನ್ನು 70ಕ್ಕೆ ಮುಂದೂಡಿದರೆ ತೋರಿಸಲು ಕೈಯಲ್ಲಿರುವ ತಿಂಗಳ ಆದಾಯ 910 ಡಾಲರ್ ಮಾತ್ರ. ವೀಸಾಗಾಗಿ ಪಿಂಚಣಿಯನ್ನು ಬೇಗ ತೆಗೆದುಕೊಂಡರೆ ಅದರ ಬೆಲೆಯನ್ನು ಮುಂದೆ ಅವರೊಬ್ಬರೇ ತೆರಬೇಕಾಗುತ್ತದೆ. ಮೆಕ್ಸಿಕೊದವರು ಉಳಿತಾಯ ತೋರಿಸಿದರೂ ಒಪ್ಪುತ್ತಾರೆ, ಆದರೆ ಮಿತಿಯನ್ನು ಏರಿಸುತ್ತಲೇ ಇದ್ದಾರೆ. ಒಸಿಐ ಇರುವವರಿಗೆ ಆದಾಯದ ಪುರಾವೆ ಕೇಳುವವರಿಲ್ಲ. ಮುಖ್ಯವಾಗಿ, ಅವರ ಒಸಿಐ ಅವರ ಸ್ವಂತದ್ದಾಗಿದ್ದರೆ ನೀವಿಲ್ಲದಿದ್ದರೂ ಅದು ಉಳಿಯುತ್ತದೆ. ಹೆಂಡತಿ ಎಂಬ ಆಧಾರದ ಮೇಲೆ ಪಡೆದದ್ದೋ, ಭಾರತದ ಪೌರರಾಗಿದ್ದವರು ಎಂಬ ಆಧಾರದ ಮೇಲೋ ಎಂದು ಇವತ್ತೇ ತೆಗೆದು ನೋಡಿ.

ಮೆಡಿಕೇರ್ ಬಗ್ಗೆ ನೀವು ಕೇಳಿಲ್ಲ, ಕೇಳಬೇಕಿತ್ತು. ಕೆಲವೇ ಅಪವಾದಗಳನ್ನು ಬಿಟ್ಟರೆ ಅದು ಅಮೆರಿಕದ ಹೊರಗೆ ಒಂದು ಡಾಲರನ್ನೂ ಕೊಡುವುದಿಲ್ಲ. ಆದರೂ 65 ತುಂಬಿದಾಗ ಆಸ್ಪತ್ರೆ ವಾಸದ ಭಾಗವಾದ ಪಾರ್ಟ್ ಎ ತೆಗೆದುಕೊಳ್ಳಿ, ಅದಕ್ಕೆ ಕಂತಿಲ್ಲ. ವೈದ್ಯರ ಶುಲ್ಕದ ಭಾಗವಾದ ಪಾರ್ಟ್ ಬಿಗೆ 2026ರಲ್ಲಿ ತಿಂಗಳಿಗೆ 202.90 ಡಾಲರ್. ಬೇಡವೆಂದು ಬಿಟ್ಟು ಐದು ವರ್ಷದ ಮೇಲೆ ಬಂದು ಸೇರಿದರೆ ಪ್ರತಿ ಹನ್ನೆರಡು ತಿಂಗಳಿಗೆ ಶೇ 10ರಂತೆ ಶೇ 50 ದಂಡ, ಬದುಕಿರುವವರೆಗೂ. ಬರೀ ದುಡ್ಡಿನ ಲೆಕ್ಕದಲ್ಲಿ, ಕಟ್ಟದೆ ಉಳಿಸಿದ 12,000 ಡಾಲರ್ ಮುಂದೆ ದಂಡವಾಗಿ ಹೋಗಿ ತೀರಲು ಹತ್ತು ವರ್ಷ ಬೇಕು, ಹಾಗಾಗಿ ಬಿಟ್ಟರೇ ಲಾಭ ಎಂದು ಕೆಲವರು ಹೇಳುತ್ತಾರೆ. ನಾನು ನಿಮಗೆ ಹಾಗೆ ಹೇಳುವುದಿಲ್ಲ. ತಡವಾಗಿ ಸೇರುವವರು ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ ಅರ್ಜಿ ಹಾಕಬಹುದು. ಏಪ್ರಿಲ್‌ನಲ್ಲಿ ಬೈಪಾಸ್ ಬೇಕೆಂದು ಗೊತ್ತಾದರೆ ಮುಂದಿನ ಜನವರಿಯವರೆಗೆ ಬಾಗಿಲು ಮುಚ್ಚಿರುತ್ತದೆ. ಎದೆಯಲ್ಲಿ ಸ್ಟೆಂಟ್ ಇರುವವರು ಆ ಬಾಗಿಲನ್ನು ತೆರೆದಿಡಬೇಕು. ನಿಮ್ಮ ಮನೆಯವರು ಒಂಟಿಯಾಗಿ ಮಗಳ ಮನೆಗೆ ಮರಳುವ ದಿನ ಬಂದರೆ ಅವರಿಗೂ ಅದು ತೆರೆದಿರಬೇಕು.

ಮೈಸೂರನ್ನು ನಾನು ಹೊಗಳಿ ಮಾರುತ್ತಿಲ್ಲ. ಅಲ್ಲಿನ ಅಪಾಯಗಳೂ ದೊಡ್ಡವೇ. ಎಲ್ಲಕ್ಕಿಂತ ಮೊದಲು ರಸ್ತೆ. 2023ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1.72 ಲಕ್ಷ ಜನ. ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ವರ್ಷವೇ ಅಪಘಾತ ಎಷ್ಟು ಹೆಚ್ಚಿತೆಂದರೆ ಆಗಸ್ಟಿನಿಂದ ಮುಖ್ಯ ಪಥದಲ್ಲಿ ಬೈಕು, ಆಟೊಗಳನ್ನೇ ನಿಷೇಧಿಸಿದರು. ಅಮೆರಿಕದಲ್ಲಿ 31 ವರ್ಷ ಬಲಬದಿಯಲ್ಲಿ ಓಡಿಸಿದ ಕೈಗಳಿಗೆ ಇಲ್ಲಿ ಸ್ಟಿಯರಿಂಗ್ ಕೊಡಬೇಡಿ. ಚಾಲಕನಿಗೆ ಕೊಡುವ ಸಂಬಳವನ್ನು ಆರೋಗ್ಯ ವಿಮೆಯ ಕಂತೆಂದೇ ಲೆಕ್ಕಕ್ಕೆ ಬರೆಯಿರಿ. ರಾತ್ರಿ ವಿಮಾನದಿಂದ ಇಳಿದು ನಿದ್ದೆಗಣ್ಣಿನಲ್ಲಿ ಮೈಸೂರಿಗೆ ಹೊರಡಬೇಡಿ, ಬೆಂಗಳೂರಿನಲ್ಲಿ ಮಲಗಿ ಬೆಳಗಾದ ಮೇಲೆ ಹೊರಡಿ, ಇಲ್ಲವೇ ರೈಲು ಹಿಡಿಯಿರಿ.

ಎರಡನೆಯದು ಫೋನ್. ವಿದೇಶದಿಂದ ಬಂದ, ಖಾತೆಯಲ್ಲಿ ಹಣವಿರುವ ಹಿರಿಯರನ್ನು ಹುಡುಕಿ ಹಿಡಿಯುವವರಿದ್ದಾರೆ. ಪೊಲೀಸ್ ಸಮವಸ್ತ್ರ ತೊಟ್ಟು ವಿಡಿಯೊ ಕರೆ ಮಾಡಿ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎಂದು ಎರಡು ದಿನ ಕೋಣೆಯಲ್ಲಿ ಕೂರಿಸಿ ಲಕ್ಷಗಟ್ಟಲೆ ಕಿತ್ತುಕೊಳ್ಳುತ್ತಾರೆ. ಹಾಗೆಂಬ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಕರೆ ಬಂದರೆ ಫೋನಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಿ. ಭಾರತಕ್ಕೆ ತರುವ ಹಣದಲ್ಲಿ ದಿನದ ಖರ್ಚಿನ ಖಾತೆಯೇ ಬೇರೆ, ಉಳಿತಾಯದ ಖಾತೆಯೇ ಬೇರೆ ಇರಲಿ. ಮೊದಲನೆಯದರಲ್ಲಿ ಮೂರು ತಿಂಗಳಿಗೆ ಬೇಕಾಗುವುದಕ್ಕಿಂತ ಹೆಚ್ಚು ಇಡಬೇಡಿ.

ಮೂರನೆಯದು ಆರೋಗ್ಯ ವಿಮೆ. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವ ಕಾಲ ಹೋಯಿತು, 2024ರಿಂದ ಆ ವಯಸ್ಸಿನ ಮಿತಿ ತೆಗೆದಿದ್ದಾರೆ. ಆದರೆ ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು. ಸ್ಟೆಂಟ್, ಸಕ್ಕರೆ ಎರಡನ್ನೂ ಅರ್ಜಿಯಲ್ಲಿ ಬರೆಯಿರಿ, ಏಜೆಂಟ್ ಬೇಡವೆಂದರೂ ಬರೆಯಿರಿ. ಮುಚ್ಚಿಟ್ಟದ್ದು ಆಸ್ಪತ್ರೆಯ ಕೌಂಟರಿನ ಮುಂದೆ ಬಯಲಾಗುತ್ತದೆ. ಆ ಮೂರು ವರ್ಷಕ್ಕೆಂದು 25 ಲಕ್ಷ ರೂಪಾಯಿ ಪ್ರತ್ಯೇಕ ಇಡಿ. ಅಮೆರಿಕದಲ್ಲಿ ವಿಮೆಯಿಲ್ಲದೆ ಊಹಿಸಲೂ ಆಗದ ಬೈಪಾಸ್ ಶಸ್ತ್ರಚಿಕಿತ್ಸೆಯ ಖರ್ಚನ್ನು ಈ ಹಣದಲ್ಲಿ ಕೈಯಿಂದಲೇ ಕಟ್ಟಿ, ಮಿಕ್ಕದ್ದು ಉಳಿಯುತ್ತದೆ.

ಈಗ ರಾತ್ರಿ ಎರಡು ಗಂಟೆಯ ಪ್ರಶ್ನೆ. ಮೈಸೂರಿನಲ್ಲಿ ಅವರು ಕನ್ನಡದಲ್ಲಿ 108ಕ್ಕೆ ಫೋನ್ ಮಾಡುತ್ತಾರೆ. ಹೃದಯಕ್ಕೆಂದೇ ಇರುವ ಜಯದೇವ ಆಸ್ಪತ್ರೆ ಕೆಆರ್‌ಎಸ್ ರಸ್ತೆಯಲ್ಲಿದೆ. ಆದರೆ ಇದೂ ನೀವು ಎಲ್ಲಿ ಮನೆ ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ರಿಂಗ್ ರಸ್ತೆಯಾಚೆಯ ಹೊಸ ಬಡಾವಣೆಯಲ್ಲಿ ಬಾಡಿಗೆ ಹತ್ತು ಸಾವಿರ ಕಡಿಮೆ, ಗಾಳಿ ಬೆಳಕು ಚೆನ್ನ. ಅಕ್ಕಪಕ್ಕದ ಸೈಟುಗಳು ಖಾಲಿ, ಬೀದಿ ದೀಪವಿಲ್ಲ, ಆಂಬುಲೆನ್ಸ್ ಚಾಲಕ ದಾರಿ ಕೇಳಲು ನಾಲ್ಕು ಸಲ ಫೋನ್ ಮಾಡುತ್ತಾನೆ. ಒಂಟಿಕೊಪ್ಪಲು, ಯಾದವಗಿರಿ, ಜಯಲಕ್ಷ್ಮೀಪುರಂ ಕಡೆ ಹಳೆಯ ಅಪಾರ್ಟ್‌ಮೆಂಟ್ ಆದರೂ ಪರವಾಗಿಲ್ಲ, ಅಲ್ಲಿ ನೋಡಿ. ಆ ಹತ್ತು ಸಾವಿರ ನಿಮ್ಮ ಇಡೀ ಬಜೆಟ್ಟಿನಲ್ಲಿ ಅತಿ ಸಾರ್ಥಕವಾದ ಖರ್ಚು. ಬಚ್ಚಲಿಗೆ ಹಿಡಿಕೆ ಹಾಕಿಸಿ, ಜಾರದ ಟೈಲ್ಸ್ ಇದೆಯೇ ನೋಡಿ. ಮೆರಿಡಾಕ್ಕೇ ಹೋಗುವುದಾದರೂ ಈ ಅಳತೆಯನ್ನೇ ಹಿಡಿಯಿರಿ.

ತಂಗಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅದೇ ಊರಿನಲ್ಲಿ ತಂಗಿ ಇರುವುದು ದೊಡ್ಡ ಬಲ. ಆದರೆ ಅವರಿಗೂ ವಯಸ್ಸಾಗುತ್ತಿದೆ, ಅವರಿಗೂ ಮಕ್ಕಳ ಮನೆಗೆ ಹೋಗುವ ದಿನ ಬರಬಹುದು. ಅವರೊಬ್ಬರನ್ನೇ ನಂಬಿ ಊರು ಆರಿಸಬೇಡಿ. ಕೆಳಗಿನ ಮನೆಯವರು, ಔಷಧಿ ಅಂಗಡಿಯವರು, ದಿನಾ ಬರುವ ಅಡುಗೆಯವರು ಹೀಗೆ ಐದಾರು ಜನರ ಬಳಗ ಕಟ್ಟಿಕೊಳ್ಳಲು ವರ್ಷ ಹಿಡಿಯುತ್ತದೆ, ಅದಕ್ಕೇ ಇಬ್ಬರೂ ಗಟ್ಟಿಯಾಗಿರುವಾಗಲೇ ಬರಬೇಕು ಎನ್ನುವುದು.

ನ್ಯೂಜೆರ್ಸಿಯ ಮನೆಯನ್ನು ಈಗಲೇ ಮಾರಬೇಡಿ. ಬಾಡಿಗೆಗೆ ಕೊಟ್ಟು ಹೊರಡಿ. ಮಾರುವ ದಿನದ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷ ನೀವು ವಾಸವಿದ್ದರೆ, ದಂಪತಿಗೆ ಐದು ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ಅಮೆರಿಕದಲ್ಲಿ ತೆರಿಗೆಯಿಲ್ಲ, ಬಾಡಿಗೆಯ ಕಾಲದ ಸವಕಳಿಗೆ ಮಾತ್ರ ಸ್ವಲ್ಪ ಕಟ್ಟಬೇಕು. ಅಂದರೆ ಬಿಟ್ಟು ಬಂದ ಮೇಲೂ ಮೂರು ವರ್ಷ ಸಮಯವಿದೆ. ಭಾರತದ ಕಡೆಯಿಂದಲೂ ಇಂಥದೇ ಒಂದು ಗಡಿಯಾರ ಓಡುತ್ತಿರುತ್ತದೆ. ದೀರ್ಘಕಾಲ ಹೊರಗಿದ್ದು ಬಂದವರಿಗೆ ಮೊದಲ ಎರಡು, ಬರುವ ದಿನಾಂಕ ನೋಡಿಕೊಂಡು ಬಂದರೆ ಮೂರು ಹಣಕಾಸು ವರ್ಷ, ನಿವಾಸಿಯಾದರೂ ಪೂರ್ಣ ನಿವಾಸಿಯಲ್ಲ ಎನ್ನುವ ಆರ್‌ಎನ್‌ಒಆರ್ ಸ್ಥಾನ ಸಿಗುತ್ತದೆ. ಆಗ ಹೊರದೇಶದ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. ಎರಡೂ ಗಡಿಯಾರ ನಿಲ್ಲುವ ಮೊದಲು ಉಳಿಯಬೇಕೋ ಮರಳಬೇಕೋ ಎಂದು ತೀರ್ಮಾನಿಸಿ, ಉಳಿಯುವುದಾದರೆ ಆ ಅವಧಿಯೊಳಗೆ ಮನೆ ಮಾರಿ. ಸೋಷಿಯಲ್ ಸೆಕ್ಯುರಿಟಿಗೆ ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ ಭಾರತದಲ್ಲಿ ತೆರಿಗೆ ಬೀಳುವುದಿಲ್ಲ. ಇಲ್ಲಿನ ಖಾತೆಗಳೆಲ್ಲ ಸೇರಿ 10,000 ಡಾಲರ್ ದಾಟಿದ ವರ್ಷ ಅಮೆರಿಕಕ್ಕೆ ಆ ಖಾತೆಗಳ ವಿವರ ತಿಳಿಸುವ ಎಫ್‌ಬಾರ್ ಸಲ್ಲಿಸಬೇಕು. ಬ್ಯಾಂಕಿನವರು ಮ್ಯೂಚುವಲ್ ಫಂಡ್ ಕೊಳ್ಳಿ ಎಂದು ಬಂದರೆ ಬೇಡವೆನ್ನಿ, ಅಮೆರಿಕದ ಪೌರರಿಗೆ ಅದರ ತೆರಿಗೆ ಲೆಕ್ಕ ವಿಪರೀತ ಜಟಿಲ. ಹಾಸನದ ಕಡೆ ತೋಟ ಕೊಳ್ಳುವ ಆಸೆ ಇದ್ದರೆ ಅದು ಆಗದು, ಒಸಿಐನವರು ಕೃಷಿ ಭೂಮಿ ಕೊಳ್ಳುವಂತಿಲ್ಲ, ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು.

ಹಾಗಾಗಿ ನನ್ನ ಸಲಹೆ ಇದು. ನಿವೃತ್ತಿಯಾದ ಕೂಡಲೇ ಮೆರಿಡಾಕ್ಕೆ ಹೋಗಿ ಏಪ್ರಿಲ್, ಮೇ ಎರಡು ತಿಂಗಳು ಇದ್ದು ಬನ್ನಿ, ಡಿಸೆಂಬರಿನಲ್ಲಿ ಬೇಡ. ಬಿಸಿಲು ಕಾಲದಲ್ಲಿ ಹಿಡಿಸಿದರೆ ವರ್ಷವಿಡೀ ಹಿಡಿಸುತ್ತದೆ. ಆ ಪ್ರವಾಸಕ್ಕೆ ಮುನ್ನ, ಮೆಡಿಕೇರ್ ಕೊಡದ ಖರ್ಚನ್ನು ತುಂಬುವ ಖಾಸಗಿ ಮೆಡಿಗ್ಯಾಪ್ ಪಾಲಿಸಿ ತೆಗೆದುಕೊಳ್ಳುವುದಾದರೆ, ವಿದೇಶದ ತುರ್ತು ಚಿಕಿತ್ಸೆಯನ್ನು ಒಳಗೊಂಡದ್ದನ್ನೇ ಆರಿಸಿ. ಅದು ಪ್ರವಾಸದ ಮೊದಲ 60 ದಿನ ಮಾತ್ರ, ಜೀವಮಾನಕ್ಕೆ 50,000 ಡಾಲರ್ ಮಿತಿ. ನಿಮ್ಮ ಮನೆಯವರಿಗೆ ಇನ್ನೂ ಮೆಡಿಕೇರ್ ಬಂದಿರುವುದಿಲ್ಲ, ಅವರಿಗೆ ಪ್ರತ್ಯೇಕ ಪ್ರವಾಸ ವಿಮೆ ಬೇಕು. ಬಳಿಕ ಮೈಸೂರಿಗೆ ಬಂದು, ಮನೆ ಕೊಳ್ಳದೆ, ಒಂದೂವರೆ ವರ್ಷ ಬಾಡಿಗೆಗಿರಿ. ಮಳೆಗಾಲ ಒಂದು, ಬೇಸಿಗೆ ಒಂದು ಕಳೆಯಲಿ. ನಾನು ಬಾಜಿ ಕಟ್ಟುವುದಾದರೆ ಮೈಸೂರಿಗೇ ಕಟ್ಟುತ್ತೇನೆ. ಅಲ್ಲಿ ಕೊಲೆ ಕಡಿಮೆ, ಅಕ್ಕಿ ಅಗ್ಗ ಎಂಬುದು ಅದಕ್ಕೆ ಕಾರಣವಲ್ಲ. ಅಲ್ಲಿ ನಿಮ್ಮ ಮನೆಯವರು ಯಾರ ನೆರವೂ ಇಲ್ಲದೆ ಬ್ಯಾಂಕಿಗೆ ಹೋಗಬಲ್ಲರು, ಡಾಕ್ಟರ ಜೊತೆ ವಾದಿಸಬಲ್ಲರು, ಸಂಜೆ ದೇವಸ್ಥಾನದ ಜಗಲಿಯಲ್ಲಿ ಗುರುತಿನ ಮುಖ ಕಾಣಬಲ್ಲರು.

ಒಂದು ಕೆಲಸ ಮಾಡಿ. ಹೊರಡುವ ಮೊದಲು ಎಲ್ಲ ಖಾತೆಗಳ ಪಟ್ಟಿ, ಪಾಸ್‌ವರ್ಡ್, ವಿಲ್ ಇರುವ ಜಾಗ, ಸೋಷಿಯಲ್ ಸೆಕ್ಯುರಿಟಿಯವರು ಹೊರದೇಶದಲ್ಲಿ ಇರುವವರಿಗೆ ಆಗಾಗ ಕಳಿಸುವ ಪ್ರಶ್ನಾವಳಿ (ಉತ್ತರಿಸದಿದ್ದರೆ ಪಿಂಚಣಿ ನಿಲ್ಲಿಸುತ್ತಾರೆ), ಎಲ್ಲವನ್ನೂ ಅವರ ಮುಂದಿಟ್ಟು, ಒಂದು ತಿಂಗಳು ಮನೆಯ ಹಣದ ವ್ಯವಹಾರವನ್ನು ಅವರೊಬ್ಬರಿಗೇ ಬಿಡಿ. ನೀವು ಪಕ್ಕದಲ್ಲಿ ಕೂತಿರಿ, ಕೈಹಾಕಬೇಡಿ. ಎಲ್ಲಿ ತಡವರಿಸಿದರು ಎಂಬುದನ್ನು ಅವರೇ ಬರೆದಿಡಲಿ. ನನಗೆ ಬರುವ ಮುಂದಿನ ಪತ್ರ ಅವರದಾಗಿರಲಿ, ಆ ಪಟ್ಟಿಯ ಸಮೇತ.